ಕೋಲಿಗೆ ಸಿಗದ ತಳ

ಧನ್ಯಾ,

ಹೋದ ವರ್ಷ ನೀನು ಒಬ್ಬಳೇ ಹೋಗಿ ಮುಳುಗಿದ ಜಾಗಕ್ಕೆ ಇವತ್ತು ನಾನೂ ಒಬ್ಬಳೇ ಹೋಗಿದ್ದೆ. ಹೊಳೆಯಲ್ಲಿ ಕಪ್ಪೆಚಿಪ್ಪುಗಳು ಎಷ್ಟು ಆಳದವರೆಗೆ ಬದುಕುತ್ತವೆಂದು ತಿಳಿಯಲು ನಾವಿಬ್ಬರೂ ಶುರುಮಾಡಿದ ಅಧ್ಯಯನವನ್ನು ಮುಗಿಸಬೇಕಿತ್ತು. ತುರುವೇಕೆರೆಯಿಂದ ಬಸ್ಸು ಹಿಡಿದು, ತೆಂಗಿನ ತೋಟ ದಾಟಿ, ಅಳತೆಕೋಲಿನೊಂದಿಗೆ ನೀರಿಗಿಳಿದೆ. ದಡದ ಮರಳಲ್ಲಿ ಚಿಪ್ಪುಗಳು ಇನ್ನೂ ಜೀವಂತವಾಗಿವೆ. ಸ್ವಲ್ಪ ಮುಂದೆ, ನೀನು ಮುಳುಗಿದ, ಮರಳು ಬಗೆದ ಗುಂಡಿಯಲ್ಲಿ, ಕೋಲಿಗೆ ತಳವೇ ಸಿಗಲಿಲ್ಲ.

ಅಷ್ಟರಲ್ಲಿ ಆ ಗುಂಡಿ ತೋಡಿದ ಮಲ್ಲೇಶ ಟ್ರ್ಯಾಕ್ಟರ್ ನಿಲ್ಲಿಸಿ ಬಂದ. ದಡದಲ್ಲಿ ನಾನಿಟ್ಟಿದ್ದ ಚಿಪ್ಪಿನ ಬಕೆಟ್ಟನ್ನು ಒದ್ದು, ನೀರಿಗಿಳಿದು ನನ್ನ ಜಡೆ ಹಿಡಿದೆಳೆದ.

"ಒಬ್ಳು ಸತ್ತಿದ್ದು ಸಾಲ್ದೇನೇ? ನೀನೂ ಸಾಯಕ್ಕೆ ಬಂದ್ಯಾ?"

ಕೋಲಿನಿಂದ ಅವನ ಮುಖಕ್ಕೆ ಹೊಡೆದೆ. ಮೂಗಿನಿಂದ ರಕ್ತ ಸುರಿಯಿತು. ಮತ್ತೆ ಹೊಡೆದೆ. ಅವನು ಹಿಂದಕ್ಕೆ ಜಾರಿ ಗುಂಡಿಗೆ ಬಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ.

"ಅಕ್ಕಾ, ಕೋಲು ಕೊಡಕ್ಕಾ! ಸಾಯ್ತೀನಿ ಕಣಕ್ಕಾ!"

ಕೊನೆಗೆ ಕೋಲು ಚಾಚಿದೆ. ಅವನು ಅದನ್ನು ಹಿಡಿದು ದಡಕ್ಕೆ ಬಂದು, ನೀರು ಕಕ್ಕುತ್ತಾ ಬಿದ್ದುಕೊಂಡ.

ತಕ್ಷಣ ಚಾಚಲಿಲ್ಲ, ಧನ್ಯಾ. ಅವನ ತಲೆ ಮುಳುಗಿ ಏಳುವುದನ್ನು ನೋಡುತ್ತಾ ನಿಂತಿದ್ದೆ. ನೀನು ಕೂಗಿದಾಗಲೂ ದಡದಲ್ಲಿ ಯಾರಾದರೂ ಹೀಗೇ ನಿಂತಿದ್ದರಾ?

ಮಧು