ಕಾಂತಪ್ಪನ ಚಟ್ನಿ

೧೮ ಜೂನ್ ೧೯೫೪, ಬೆಳಿಗ್ಗೆ
ನಳ ಬಂತು, ನಿಂತಿತು. ಎರಡೇ ಕೊಡ. ಸೊಸೆ ಮೋಹಿನಿಗೆ ಇಂದೂ ಜ್ವರ. ಏಳು ತಿಂಗಳ ಬಸುರಿ. ಗಂಜಿ ಬೇಡವಂತೆ, ಎದೆಯುರಿಯಂತೆ. ಎಂದಿನಂತೆ ನೀರಿಗೆ ಸೋಡಾಪುಡಿ ಕದಡಿ ಕುಡಿಸಿದೆ. ತೇಗು ಬಂತು.

೨೦ ಜೂನ್
ರಕ್ತ ಪರೀಕ್ಷೆಯಾಯಿತು. ಟೈಫಾಯಿಡ್. ತಿಂದದ್ದರಿಂದ ಬರುವುದು ಎಂದರು ಡಾಕ್ಟರ್ ಸಿದ್ದರಾಮಪ್ಪ. ಇನ್ಯಾರು... ಕಾಂತಪ್ಪ! ಚಾಳಿನ ಕೆಳಗೆ ಹೋಟೆಲಿಟ್ಟವನು, ನಮ್ಮೂರಿನವನೇ. ಬಯಕೆ ಊಟದ ದಿನ ಬಸುರಿಗೆ ಆಸೆಯೆಂದು ಇಡ್ಲಿ-ಚಟ್ನಿ ತಂದ. ಚಟ್ನಿಗೆ ಪೀಪಾಯಿಯ ಹಸಿ ನೀರು ಸುರಿಯುತ್ತಾನೆ, ಕಂಡಿದ್ದೇನೆ. ಆ ಪೀಪಾಯಿ ಅವನ ತಲೆಗೇ ಕವುಚಬೇಕು.

೨೧ ಜೂನ್
ಗಿರಾಕಿಗಳೆದುರೇ ಕಾಂತಪ್ಪನಿಗೆ ಉಗಿದೆ.
"ಸೇವಂತಿಯಕ್ಕಾ, ಇಡೀ ಚಾಳು ತಿಂದಿತಲ್ಲ! ನೀವೂ ಎರಡು ಸಲ ಹಾಕಿಸಿಕೊಂಡಿರಿ. ಅವಳಿಗೊಬ್ಬಳಿಗೆ ಯಾಕೆ?"
"ನನ್ನದು ಕಲ್ಲುಹೊಟ್ಟೆ ಮಾರಾಯ. ಉಳಿದದ್ದೇ ನಿನ್ನನ್ನು ಮುಗಿಸಲಿಕ್ಕೆ."
ಮುನ್ಸಿಪಾಲಿಟಿಗೆ ದೂರು ಕೊಟ್ಟು ಬಂದೆ.

೨೭ ಜೂನ್
ಹೊಸ ಮಾತ್ರೆ ನಡೆದಿದೆ. ಜ್ವರ ಇಳಿದಿಲ್ಲ. ಮಗು ಅಲುಗುವುದು ಕಡಿಮೆಯಂತೆ... ಕಾಂತಪ್ಪ ಕುದಿಸಿದ ನೀರು ಕಳಿಸಿದ. ಈಗ ಬುದ್ಧಿ! ಗಟಾರಕ್ಕೆ ಚೆಲ್ಲಿದೆ. ನಾಡಿದ್ದು ಮುನ್ಸಿಪಾಲಿಟಿ ಸಾಹೇಬರು ಬರುತ್ತಾರೆ. ನಾನೇ ಸಾಕ್ಷಿ. ಹೋಟೆಲಿಗೆ ಬೀಗ ಬೀಳುವುದನ್ನು ನಿಂತು ನೋಡುತ್ತೇನೆ.

೨೮ ಜೂನ್, ಸಂಜೆ
ಕಾಂತಪ್ಪನ ಬಾಯಿ ಮುಚ್ಚಿಸಬೇಕಿತ್ತು. ಡಾಕ್ಟರನ್ನೇ ಕೇಳಿದೆ— ಎಲ್ಲರೂ ತಿಂದೆವು, ಇವಳಿಗೊಬ್ಬಳಿಗೆ ಯಾಕೆ?
"ಹೊಟ್ಟ್ಯಾಗಿನ ಹುಳಿ ಅಂದ್ರ ಬಾಗಲದಾಗ ನಿಂತ ಗೂರ್ಖಾ ಇದ್ದಂಗ, ಅಮ್ಮಾ. ಭಾಳ ಕ್ರಿಮಿ ಅಲ್ಲೇ ಸಾಯ್ತಾವ. ದಾಟಿ ಬಂದವು ಕರುಳಿನ ಗ್ವಾಡಿ ತೂರಿ ರಕ್ತಕ್ಕ ಇಳೀತಾವ. ಈಕಿ ಹುಳಿ ಮುರಿಯೂದು ಏನರೆ ತಗೋತಿದ್ಲೇನು?"
"ಎದೆಯುರಿಗೆ ಅಮ್ಮ ದಿನಾ ಸೋಡಾಪುಡಿ ಕೊಡ್ತಾರೆ," ಎಂದ ನನ್ನ ಮಗ ಶೇಖರ.
ಡಾಕ್ಟರ್ ನನ್ನತ್ತ ನೋಡಲಿಲ್ಲ. "ಇನ್ನ ಮ್ಯಾಲೆ ಬ್ಯಾಡ್ರಿ," ಎಂದಷ್ಟೇ.
ಬಯಕೆಯ ದಿನವೂ ಕೊಟ್ಟಿದ್ದೆ. ಎಲೆ ಹಾಕುವ ಮುಂಚೆ. ಹುಡುಗಿ ಹೊಟ್ಟೆ ತುಂಬ ತಿನ್ನಲಿ ಎಂದು.

೨೯ ಜೂನ್, ಬೆಳಿಗ್ಗೆ
ಸಾಹೇಬರು ಬಂದಿದ್ದಾರೆ. ಸಾಕ್ಷಿಯನ್ನು ಕರೆಯಿರಿ ಎಂದು ಕೆಳಗಿನಿಂದ ಕೂಗು. ಒಳಗಿನಿಂದ ಮೋಹಿನಿ— "ಅತ್ತೇ, ಎದೆ ಉರೀತಾ ಉಂಟು. ಸೋಡಾ ಕೊಡಿ."
ಡಬ್ಬಿ ಮಡಿಲಲ್ಲೇ ಇದೆ. ಆ ಪೀಪಾಯಿ ನೀರು ಸುಳ್ಳಲ್ಲ. ಕಾಂತಪ್ಪನನ್ನು ಬಿಟ್ಟರೆ ನಾನು ಸೇವಂತಿಯೇ ಅಲ್ಲ. ನನ್ನನ್ನು ಬಿಟ್ಟರೂ ಅಲ್ಲ.