ಕಂಪ್ಯೂಟರ್ ಕೋಣೆಯ ಹೊಸ್ತಿಲಾಚೆ ನನ್ನ ಮಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಅಂತಃಕರಣದ ಪರೀಕ್ಷೆಯಲ್ಲಿ ಮಲಾಡಿನ ನಮ್ಮ ಕನ್ನಡ ಶಾಲೆಗೆ ನೂರಕ್ಕೆ ನೂರು ಕೊಟ್ಟು ಹೋದಿರಲ್ಲ, ಆ ಹೊತ್ತಿನಲ್ಲಿ ಎಂಟನೆಯ ಕ್ಲಾಸಿನ ನನ್ನ ಮಗಳು ವಸಂತಿ ಕಂಪ್ಯೂಟರ್ ಕೋಣೆಯ ಹೊಸ್ತಿಲಾಚೆ ನಿಂತಿದ್ದಳು. ಅವಳು ಮುಟ್ಟಾಗಿದ್ದಳು. ಪೂಜೆ ಮಾಡಿದ ಯಂತ್ರವಿರುವ ಕೋಣೆಗೆ ಬರಬಾರದೆಂದು ಅವಳನ್ನು ತಡೆದಿದ್ದರು. ಅಂದಿನಿಂದ ಅವಳು ಶಾಲೆಯ ಕಡೆ ತಲೆಹಾಕಿಲ್ಲ. ಇದು ನನ್ನ ದೂರು. ಕನ್ನಡದ ಅರ್ಜಿ ಓದುವವರು ನಿಮ್ಮ ಕಚೇರಿಯಲ್ಲಿ ಇಲ್ಲವಂತೆ. ಆದ್ದರಿಂದ ಪತ್ರಿಕೆಗೇ ಬರೆಯುತ್ತಿದ್ದೇನೆ. ನಿಮಗೆ ಯಾರಾದರೂ ಓದಿ ಹೇಳಿಯಾರು. ಹೇಳದಿದ್ದರೂ ನಮ್ಮ ಚಾಳಿನವರು ಓದುತ್ತಾರೆ. ನಾಚಿಕೆಪಡಬೇಕಾದವರ ಸಾಲಿನಲ್ಲಿ ಅವರೂ ಇದ್ದಾರೆ, ಎಲ್ಲರಿಗಿಂತ ಮುಂದೆ ನಾನಿದ್ದೇನೆ.

ಈ ತೊಂಬತ್ತೊಂದನೆಯ ಇಸವಿಯಲ್ಲಿ ಮಕ್ಕಳಿಗೆ ಲೆಕ್ಕ, ಭೂಗೋಳ ಕಲಿಸಿದರೆ ಸಾಲದು, ಸಿಟ್ಟು, ದುಃಖ, ಸ್ನೇಹವನ್ನೂ ಕಂಪ್ಯೂಟರಿನಿಂದ ಕಲಿಸಬೇಕೆಂದು ನಿಮ್ಮ ಕಚೇರಿಗೆ ಹೊಳೆಯಿತು. ಒಳ್ಳೆಯದೇ. ಟೆಂಪೋದಲ್ಲಿ ಯಂತ್ರ ಬಂದ ದಿನ ನಾವೆಲ್ಲ ಹಿಗ್ಗಿದೆವು. ಅದರ ಜೊತೆಗೆ ನಿಮ್ಮ ಸುತ್ತೋಲೆಯೂ ಬಂತು: ಚಪ್ಪಲಿ ಹೊರಗೆ ಬಿಡಿ, ಕೈ ತೊಳೆಯಿರಿ, ಕೋಣೆಯ ಶುದ್ಧತೆ ಕಾಪಾಡಿ. ನೀವು ಹೇಳಿದ್ದು ಧೂಳಿನ ಮಾತು. ನಮ್ಮವರಿಗೆ ಕೇಳಿದ್ದು ಮಡಿಯ ಮಾತು. ಪ್ರೆಶರ್ ಕುಕ್ಕರ್ ತಂದರೂ ಕುಂಕುಮ ಹಚ್ಚುವ ಜನ ನಾವು, ಕಂಪ್ಯೂಟರನ್ನು ಬಿಟ್ಟೇವೆಯೇ? ಗೋಡೆಗೆ ಶಾರದೆಯ ಪಟ ಬಂತು, ಯಂತ್ರದ ಹಣೆಗೆ ಕುಂಕುಮ ಬಂತು, ಶುಕ್ರವಾರ ಶುಕ್ರವಾರ ಊದುಬತ್ತಿ ಬಂತು. ಮೊದಲ ದಿನ ಒಡೆದ ತೆಂಗಿನಕಾಯಿ ನಾನೇ ಕೊಟ್ಟದ್ದು. ಅದರ ನೀರು ಕೀಲಿಮಣೆಯ ಮೇಲೆ ಸಿಡಿದು ಎರಡು ಗುಂಡಿಗಳು ಇವತ್ತಿಗೂ ಅಂಟಿಕೊಂಡಿವೆ. ಅದರಿಂದ ಯಾವ ಮೈಲಿಗೆಯೂ ಆಗಲಿಲ್ಲ.

ನೀವು ತಪಾಸಣೆಗೆ ಬಂದ ದಿನ ತಾಯಂದಿರನ್ನೂ ಕರೆದಿದ್ದರು. ನಾನು ಮೊದಲ ಬೆಂಚಿನಲ್ಲಿದ್ದೆ. ಬಾಗಿಲಲ್ಲಿ ಕಸ್ತೂರಿಬಾಯಿ ಟೀಚರ್ ವಸಂತಿಯ ಕಿವಿಯಲ್ಲಿ ಏನೋ ಕೇಳಿದರು. ಹುಡುಗಿ ಹೌದೆಂದು ತಲೆಯಾಡಿಸಿದಳು. "ಹಂಗಾರ ನೀ ಅಲ್ಲೇ ನಿಂದರವಾ. ಪೂಜಾ ಮಾಡಿದ್ದು ಐತಿ. ಬ್ಯಾಸರಾ ಮಾಡ್ಕೋಬ್ಯಾಡ" ಎಂದರು. ಟೀಚರ್ ಕೆಟ್ಟವರಲ್ಲ, ಧಾರವಾಡದ ಕಡೆಯ ಮೆತ್ತನೆಯ ಹೆಂಗಸು. ಆ ಮೆತ್ತನೆಯ ದನಿಯಲ್ಲೇ ನನ್ನ ಮಗಳು ಹೊರಗಾದಳು. ಅವಳು ನನ್ನ ಕಡೆ ನೋಡಿದಳು. ನಾನು ಸೆರಗು ಸರಿಮಾಡಿಕೊಂಡು ಕಂಪ್ಯೂಟರ್ ನೋಡಿದೆ. ಯಾಕೆಂದರೆ ಆ ದಿನ ಬೆಳಿಗ್ಗೆ "ದೇವರ ಕೋಣೆ ಹತ್ರ ಹೋಗ್ಬೇಡ ಮಾರಾಯ್ತಿ, ಆಚೆ ಕೂತ್ಕೊ" ಎಂದು ಅವಳ ಚಾಪೆಯನ್ನು ಮೂಲೆಗೆ ಹಾಕಿದವಳು ನಾನೇ.

ಆಮೇಲೆ ನೀವು ಬಂದಿರಿ. ಬೂಟು ಬಿಚ್ಚಿದಿರಿ, ಆರತಿ ತೆಗೆದುಕೊಂಡಿರಿ, "ಎಕ್‌ದಮ್ ಮಂದಿರ್!" ಎಂದು ಮೆಚ್ಚಿದಿರಿ. ಬಾಗಿಲಲ್ಲಿ ನಿಂತವಳ ತಲೆ ಸವರಿ, "ಕಾಯ್ ಬೇಟಾ, ಲೇಟ್ ಝಾಲಾ ಕಾ?" ಎಂದು ಮರಾಠಿಯಲ್ಲಿ ಕೇಳಿ ನಕ್ಕು ಒಳಗೆ ಬಂದಿರಿ. ಉತ್ತರಕ್ಕೆ ಕಾಯಲಿಲ್ಲ.

ಯಂತ್ರ ಇಂಗ್ಲಿಷಿನಲ್ಲಿ ಪ್ರಶ್ನೆ ತೋರಿಸಿತು, ಟೀಚರ್ ಕನ್ನಡದಲ್ಲಿ ಹೇಳಿದರು: "ನಿನ್ನ ಗೆಳತಿ ಹೊರಗೆ ಒಬ್ಬಳೇ ನಿಂತಿದ್ದಾಳೆ. ನೀನು ಏನು ಮಾಡುತ್ತೀ?" ನಕ್ಕುಬಿಡುವುದು, ಸುಮ್ಮನಿರುವುದು, ಒಳಗೆ ಕರೆಯುವುದು ಎಂದು ಮೂರು ಉತ್ತರಗಳು. "ಒಳಗೆ ಕರೆಯುತ್ತೇವೆ!" ಎಂದು ಇಡೀ ಕ್ಲಾಸು ಕೂಗಿತು. ವಸಂತಿಯ ಜೀವದ ಗೆಳತಿ ಸೇವಂತಿ ಹೋಗಿ ಗುಂಡಿ ಒತ್ತಿದಳು. ಯಂತ್ರ ಟುಂಯ್ ಎಂದಿತು, ಪರದೆಯ ಮೇಲೆ ಹೂವು ಅರಳಿತು. ನೀವು ಚಪ್ಪಾಳೆ ತಟ್ಟಿದಿರಿ. ನಾವೆಲ್ಲ ತಟ್ಟಿದೆವು. ಬಾಗಿಲು ತೆರೆದೇ ಇತ್ತು ಸ್ವಾಮಿ, ಯಾರೂ ಆಚೆ ತಿರುಗಲಿಲ್ಲ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುವ ಗಾದೆಗೆ ಈಗ ಕರೆಂಟು ಬೇರೆ ಬಂದಿದೆ.

ಒಂದು ಮಾತು ಕೇಳುತ್ತೇನೆ. ಮುಟ್ಟಾದವಳ ಬೆರಳು ತಾಗಿದರೆ ಕೆಡುವ ಯಂತ್ರವೇ ಇದು? ಹಾಗಾದರೆ ಇದನ್ನು ಮಾಡಿದ ಕಾರ್ಖಾನೆಯಲ್ಲಿ ಹೆಂಗಸರೇ ಇರಲಿಲ್ಲವೇ? ದುಃಖವೆಂದರೇನೆಂದು ಪಾಠ ಮಾಡಲು ಬಂದವರಿಗೆ ಕಣ್ಣೆದುರು ನಿಂತ ದುಃಖ ತಡವಾಗಿ ಬಂದ ಹುಡುಗಿಯಂತೆ ಕಾಣುವುದು ಹೇಗೆ?

ಆ ಸಂಜೆ ವಸಂತಿ ಅಳಲಿಲ್ಲ, ಸ್ಕೂಲ್ ಬ್ಯಾಗನ್ನು ಅಟ್ಟದ ಮೇಲೆ ಎಸೆದಳು. "ನಾನು ಇನ್ನು ಹೋಗುದಿಲ್ಲ. ಬಸ್, ಹೋ ಗಯಾ. ಸೇವಂತಿಯದ್ದು ಬಿಡು, ನೀನೂ ಕ್ಲ್ಯಾಪ್ ಮಾಡಿದಿ ನಾ ಅಮ್ಮಾ?" ಎಂದಳು. ದಾದರಿನ ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ಯಜಮಾನರು ರಮಾನಾಥರು ವಿಷಯ ತಿಳಿದು, "ಎಂಟನೆಯವರೆಗೆ ಓದಿದ್ದು ಸಾಕು ಬಿಡು, ಮನೆಯಲ್ಲಿ ನಿನಗೂ ಒಂದು ಕೈ ಆಯ್ತು" ಎಂದರು. ಅಷ್ಟು ಸುಲಭಕ್ಕೆ ಒಂದು ಹುಡುಗಿಯ ಓದು ಮುಗಿಯುತ್ತದೆ. ಅವಳಿಗೆ ನರ್ಸ್ ಆಗುವ ಆಸೆ ಇತ್ತು.

ನಿಮ್ಮ ಕಚೇರಿಗೂ ಹೋಗಿದ್ದೆ. ಗುಮಾಸ್ತರು ನನ್ನ ಮಾತು ಪೂರ್ತಿ ಕೇಳುವ ಮೊದಲೇ, "ಮಶೀನ್ ಚಾಲೂ ಆಹೆ ನಾ? ಮಗ್ ತಕ್ರಾರ್ ಕಾಯ್?" ಎಂದರು. ಮಶೀನು ಚೆನ್ನಾಗಿಯೇ ನಡೆಯುತ್ತಿದೆ ಸ್ವಾಮಿ, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ; ಇಲ್ಲಿ ಪೂಜಾರಿಗಳು ನಾವೇ, ಆರತಿ ತೆಗೆದುಕೊಂಡವರು ನೀವು.

ನನ್ನ ಬೇಡಿಕೆ ದೊಡ್ಡದಲ್ಲ. ಯಾವ ಹುಡುಗಿಯನ್ನೂ ಯಾವ ದಿನವೂ ಆ ಬಾಗಿಲಲ್ಲಿ ತಡೆಯಬಾರದೆಂದು ಇನ್ನೊಂದು ಸುತ್ತೋಲೆ ಕಳಿಸಿ. ಶುದ್ಧತೆ ಎಂದರೆ ಧೂಳಿಲ್ಲದಿರುವುದು ಎಂದು ಅದರಲ್ಲಿ ಬಿಡಿಸಿ ಬರೆಯಿರಿ. ಆಮೇಲೆ ನೀವೇ ಬಂದು, ಯಂತ್ರವನ್ನು ಬಂದ್ ಮಾಡಿ, ಅದೇ ಪ್ರಶ್ನೆಯನ್ನು ಬಾಯಲ್ಲಿ ಕೇಳಿ. ಮಕ್ಕಳು ಬಾಗಿಲ ಕಡೆ ತಿರುಗುತ್ತಾರೋ ನೋಡಿ.

ಸುತ್ತೋಲೆ ಬರುವವರೆಗೆ ನಾನು ಕಾಯುವುದಿಲ್ಲ. ಶಾಲೆಗೆ ನಡಿ ಎಂದು ವಸಂತಿಯ ಕಾಲು ಹಿಡಿಯುವುದೊಂದು ಬಾಕಿಯಿತ್ತು. ನಿನ್ನೆ ಅವಳು ಕೊನೆಗೂ ಬಾಯಿಬಿಟ್ಟಳು: "ಪೈಲೆ ನೀನು ಆ ಕೋಣೆಗೆ ಹೋಗು. ಆ ದಿನಗಳಲ್ಲೇ ಹೋಗು. ಆಮೇಲೆ ನಾನು."

ಇಂದು ಬೆಳಿಗ್ಗೆ ನಾನು ಮುಟ್ಟಾಗಿದ್ದೇನೆ. ಚಾಪೆ ಮೂಲೆಗೆ ಹಾಕಿಲ್ಲ. ಅವಳು ಅಟ್ಟದಿಂದ ಬ್ಯಾಗು ಇಳಿಸುತ್ತಿದ್ದಾಳೆ, ನಾನು ಇದನ್ನು ಮುಗಿಸಿ ಚಪ್ಪಲಿ ಮೆಟ್ಟುತ್ತೇನೆ. ಹನ್ನೊಂದು ಗಂಟೆಗೆ ನಿಮ್ಮ ಕಂಪ್ಯೂಟರಿನ ಮೇಲೆ ನನ್ನ ಕೈ ಇರುತ್ತದೆ.

ಇಂತಿ,
ತಪ್ಪಾದ ಹೊತ್ತಿನಲ್ಲಿ ಚಪ್ಪಾಳೆ ತಟ್ಟಿದ
ವಸಂತಿಯ ತಾಯಿ, ಮಲಾಡ್