ಊರಿಗೆ ಹೋದವರು ವಾಪಸು ಬಂದಿದ್ದಾರೆ, ಸ್ವಾಮಿ

ಏಡ್ಸ್ ತಡೆ ಯೋಜನೆಗೆ ಹಣ ಮಂಜೂರು ಮಾಡುವ, ಈಗ ಮಾಡಲೊಲ್ಲದ ಮಾನ್ಯ ಅಧಿಕಾರಿಗಳೇ,

ಈ ತಿಂಗಳ ಮೂವತ್ತೊಂದಕ್ಕೆ ಗ್ರಾಂಟ್ ರೋಡ್ ಸ್ಟೇಷನ್ನಿನ ಆಚೆಯ ಗಲ್ಲಿಯಲ್ಲಿರುವ ನಮ್ಮ ಕೇಂದ್ರಕ್ಕೆ ನೀವು ಬೀಗ ಹಾಕಿಸುತ್ತಿದ್ದೀರಿ. ಅನುದಾನ ಮುಂದುವರಿಸುವುದಿಲ್ಲವೆಂದು ನಿಮ್ಮ ಕಚೇರಿ ಬರೆದ ಪತ್ರದಲ್ಲಿ ಕಾರಣ ಒಂದೇ ಸಾಲಿನದು: ‘ಪರಿಶೀಲನೆಯ ವೇಳೆ ಉದ್ದೇಶಿತ ಗುಂಪು ಸ್ವಗ್ರಾಮಗಳಿಗೆ ಮರಳಿರುವುದು ಕಂಡುಬಂದಿದ್ದು, ಯೋಜನೆಯ ಅಗತ್ಯ ಉಳಿದಿರುವುದಿಲ್ಲ.’ ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಎರಡನೆಯ ಸಲ ಓದಿದಾಗ ಹೇಸಿಗೆಯಾಯಿತು. ಆ ಹೇಸಿಗೆ ಇನ್ನೂ ಹೋಗಿಲ್ಲ, ಅದಕ್ಕೇ ಈ ಪತ್ರ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಕಳೆದ ರಾಜ್ಯೋತ್ಸವದಂದು ದಾದರಿನ ಸಭಾಂಗಣದಲ್ಲಿ ಮೈಸೂರು ಪೇಟ ತೊಡಿಸಿಕೊಂಡು, ಮುಂಬಯಿಗೆ ಬಂದು ಎಷ್ಟು ವರ್ಷವಾದರೂ ಕನ್ನಡವೇ ನಿಮ್ಮ ಉಸಿರೆಂದು ಹೇಳಿದವರು ನೀವು. ಮುಂದಿನ ಸಾಲುಗಳಲ್ಲಿ ಕುಳಿತು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ನಾನು ಯಾರೆಂದು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಹುಟ್ಟಿ, ಮದುವೆಯಾಗಿ ದಾದರಿಗೆ ಬಂದು, ಫೋರ್ಟಿನ ಒಂದು ವಿಮಾ ಕಚೇರಿಯ ತಪಾಸಣಾ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ಹೆಂಗಸು. ನಿಮ್ಮ ಯೋಜನೆ ಆ ಗಲ್ಲಿಯಲ್ಲಿ ಶುರುವಾದಾಗ ಅದರ ಮರಾಠಿ ಲೇಡಿ ಡಾಕ್ಟರಿಗೆ, ಗಲ್ಲಿಯವರ ‘ಡಾಕ್ಟರ್ ಬಾಯಿ’ಗೆ, ದುಭಾಷಿ ಬೇಕಾಯಿತು. ಗಲ್ಲಿಯ ಹೆಂಗಸರಲ್ಲಿ ಬಹುಪಾಲು ಬೆಳಗಾವಿ, ವಿಜಾಪುರದ ಕಡೆಯವರು. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ಆಮೇಲೆ ಯಾರದೋ ಕೈ ಹಿಡಿದು ಇಲ್ಲಿಗೆ ಬಂದವರು. ಶನಿವಾರ ಅರ್ಧ ದಿನ ಬಿಡುವಿರುವ, ಕನ್ನಡ ಬರುವ ಹೆಂಗಸು ಯಾರಾದರೂ ಇದ್ದಾರೆಯೇ ಎಂದು ಡಾಕ್ಟರ್ ಬಾಯಿ ಕೇಳಿದರು, ನಾನು ಹೂಂ ಎಂದೆ. ನಮ್ಮ ಯಜಮಾನರು ಎರಡು ದಿನ ಮಾತು ಬಿಟ್ಟರು. ಶನಿವಾರ ಬೆಳಿಗ್ಗೆ, ‘ಕೊಡೆ ತಗೊಂಡು ಹೋಗು, ಮೋಡ ಆಗಿದೆ’ ಎಂದರು. ನಮ್ಮ ಮನೆಯಲ್ಲಿ ಅನುಮತಿಯೆಂದರೆ ಅಷ್ಟೇ.

ಮೊದಲ ದಿನ ನಾನು ಶುದ್ಧ ಕನ್ನಡದಲ್ಲಿ ರೋಗ, ಸೋಂಕು, ಮುಂಜಾಗ್ರತೆ ಎಂದೆಲ್ಲ ಹೇಳಿದೆ. ಎಲ್ಲರೂ ಭಕ್ತಿಯಿಂದ ಕೇಳಿದರು. ಕೊನೆಯಲ್ಲಿ ದಾನವ್ವ ಎಂಬಾಕೆ ಎದ್ದು, ‘ಅಕ್ಕಾರ, ನೀವು ಹೇಳೂದು ರೇಡಿಯೋದಾಗ ಸುದ್ದಿ ಓದಿದಂಗ ಆಗತೈತಿ. ತಿಳೀತೈತಿ, ಆದ್ರ ನಮಗ ಹೇಳಾಕತ್ತಾರಂತ ಅನಸೂದಿಲ್ಲ’ ಎಂದಳು. ಒಂದೇ ಭಾಷೆಯಾದರೂ ಕೇಳಿಸಿಕೊಳ್ಳುವುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ನಿಮಗೆ ಆ ತೊಂದರೆಯೇ ಬರಲಿಲ್ಲ. ಪರಿಶೀಲನೆಗೆ ಹೊರಟ ದಿನ, ‘ನಾನೇ ಕನ್ನಡದವನು, ದುಭಾಷಿ ಯಾಕೆ’ ಎಂದು ನನಗೆ ಬರಬೇಡವೆಂದು ಹೇಳಿ ಕಳಿಸಿದಿರಿ. ಕೇಂದ್ರದವರಿಗಂತೂ ತಿಳಿಸಲೇ ಇಲ್ಲ, ಅನಿರೀಕ್ಷಿತ ಭೇಟಿಯಲ್ಲಿ ಮಾತ್ರ ಸತ್ಯ ಸಿಗುತ್ತದೆಂದು ನೀವು ನಂಬಿದವರು.

ನೀವು ಹೋದದ್ದು ಗಣರಾಜ್ಯೋತ್ಸವದ ಮರುದಿನ. ಅಂದು ಬನದ ಹುಣ್ಣಿಮೆ. ಆ ವಾರ ಗಲ್ಲಿಯ ಕನ್ನಡದ ಹೆಂಗಸರು ಒಬ್ಬರೂ ಇಲ್ಲಿರುವುದಿಲ್ಲ. ಟ್ರಂಕು, ಗಂಟು ಕಟ್ಟಿಕೊಂಡು ಸವದತ್ತಿಯ ಗುಡ್ಡಕ್ಕೆ ಹೋಗುತ್ತಾರೆ, ಹಾಗೇ ಊರಲ್ಲಿ ತಾಯಿಯ ಮುಖ ನೋಡಿಕೊಂಡು ಬರುತ್ತಾರೆ. ಇದು ಅಲ್ಲಿನ ಪಾನ್ ಅಂಗಡಿಯವನಿಗೆ ಗೊತ್ತು, ಹಾಲಿನ ಭೈಯ್ಯನಿಗೆ ಗೊತ್ತು. ಕನ್ನಡವೇ ಉಸಿರಾದ ನಿಮಗೆ ಗೊತ್ತಿರಲಿಲ್ಲ. ಹೋಗಲಿ, ಎಲ್ಲರಿಗೂ ಎಲ್ಲವೂ ಗೊತ್ತಿರಬೇಕೆಂದು ನಾನು ಹೇಳುವುದಿಲ್ಲ. ಕೇಳುವುದಕ್ಕೆ ಬಾಯಿಯಿತ್ತಲ್ಲ?

ಕೇಳಿದಿರಿ, ನಿಜ. ದಾನವ್ವನಿರುವ ಮನೆಯನ್ನು ನಡೆಸುವ ಕಾಶವ್ವನಲ್ಲಿ ಅಡಿಗೆ ಮಾಡುವ ಮುದುಕಿ ಬಸಲಿಂಗವ್ವ ಬಾಗಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆ ಗಲ್ಲಿಯಲ್ಲಿ ಬೂಟು ಹಾಕಿಕೊಂಡು ಫೈಲು ಹಿಡಿದು ಬಂದವರಿಗೆ ಕೊಡುವ ಉತ್ತರ ಎಂದೋ ತೀರ್ಮಾನವಾಗಿದೆ. ಬಂದವರು ಪೊಲೀಸರಿರಲಿ, ಮುನಿಸಿಪಾಲಿಟಿಯವರಿರಲಿ, ಅದೇ ಉತ್ತರ. ಮರುವಾರ ಬಸಲಿಂಗವ್ವ ನನಗೆ ಅದನ್ನು ಎಷ್ಟು ಹೆಮ್ಮೆಯಿಂದ ಹೇಳಿದಳೆಂದರೆ, ಅವಳ ಬಾಯಲ್ಲೇ ಬರೆಯಬೇಕು.

‘ಮಂದಿ ಎಲ್ಲಿ ಅಂದ್ರು. ಯಾರೂ ಇಲ್ರೀ ಸಾಹೇಬ್ರ, ಎಲ್ಲಾರೂ ಊರಿಗೆ ಹೋಗ್ಯಾರ್ರೀ ಅಂದೆ. ಧಂದಾ ನಡೀತೈತೇನು ಅಂದ್ರು. ಧಂದಾ ಗಿಂದಾ ಏನಿಲ್ರೀ, ಎಲ್ಲಾ ಬಂದ್ ಆಗೈತಿ ಅಂದೆ. ಬರಕೊಂಡ್ರು, ಹೋದ್ರು. ಹೆಂಗ ಓಡಿಸಿದೆ ನೋಡ್ರೀ ಅಕ್ಕಾರ!’

ಅವಳು ಓಡಿಸಿದ್ದು ಪೊಲೀಸರನ್ನಲ್ಲ, ಗಲ್ಲಿಯ ಔಷಧವನ್ನು ಎಂದು ಅವಳಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಹೇಳಬೇಡಿರೆಂದು ನಾನೇ ಎಲ್ಲರಿಗೂ ಹೇಳಿದ್ದೇನೆ. ಅವಳದೇನು ತಪ್ಪು? ಇಷ್ಟು ವರ್ಷ ಬೂಟಿನವರು ಅವಳಿಗೆ ಕಲಿಸಿದ ಪಾಠ ಒಪ್ಪಿಸಿದಳು. ನೀವು ಒಂದೇ ಒಂದು ಪ್ರಶ್ನೆ ಬಿಟ್ಟಿರಿ. ಮನೆಗೆ ನೆಂಟರು ಬಂದು, ಯಜಮಾನ ಊರಿಗೆ ಹೋಗಿದ್ದಾನೆಂದು ಗೊತ್ತಾದರೆ, ಪೆದ್ದನೂ ಕೇಳುವ ಪ್ರಶ್ನೆ ಅದು: ಯಾವಾಗ ಬರುತ್ತಾರೆ? ಅದನ್ನು ಕೇಳದೆ, ಮುಚ್ಚಿದ್ದ ಕೇಂದ್ರದ ಕಿಟಕಿಯಲ್ಲಿ ಇಣುಕಿ, ಉಳಿದಿದ್ದ ನಿರೋಧ್ ಡಬ್ಬಿಗಳನ್ನು ನೋಡಿ ‘ಬೇಡಿಕೆ ಇಲ್ಲ’ ಎಂದು ಬರೆದುಕೊಂಡು, ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆ ತಿಂದು ಹೊರಟಿರಿ. ದೋಸೆಯ ವಿಷಯ ವರದಿಯಲ್ಲಿಲ್ಲ, ಪಾನ್ ಅಂಗಡಿಯವನು ಹೇಳಿದ್ದು.

ಇದು ಬರೀ ತಪ್ಪಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ತಪ್ಪುಗಳನ್ನು ಹುಡುಕುವುದೇ ನನ್ನ ಸಂಬಳದ ಕೆಲಸ, ದಿನಕ್ಕೆ ಎಷ್ಟೋ ನೋಡುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ನಾನೂ ದಾನವ್ವನೂ ಫೋರ್ಟಿನ ನಿಮ್ಮ ಕಚೇರಿಗೆ ಬಂದೆವು, ನೆನಪಿದೆಯೇ? ನಿಮ್ಮೆದುರು ಎರಡು ಕುರ್ಚಿಗಳಿದ್ದವು, ನನ್ನನ್ನೊಬ್ಬಳನ್ನೇ ಕೂರಿಸಿದಿರಿ. ಅವಳು ನಿಂತೇ ಇದ್ದಳು. ಹುಣ್ಣಿಮೆ, ಗುಡ್ಡ, ಬಸಲಿಂಗವ್ವ, ಎಲ್ಲವನ್ನೂ ಬಿಡಿಸಿ ಹೇಳಿದೆ. ನೀವು ಕೇಳಿದಿರಿ, ಒಂದು ಸಲ ನಕ್ಕಿರಿ ಕೂಡ. ಆಮೇಲೆ, ‘ನೋಡಿ ಮೇಡಂ, ವರದಿ ಮೇಲಕ್ಕೆ ಹೋಗ್ಬಿಟ್ಟಿದೆ. ಅದನ್ನ ಕೆಳಗೆ ತರೋಕ್ಕಾಗಲ್ಲ’ ಎಂದಿರಿ.

‘ಆ ಹೆಂಗಸರು ವಾಪಸು ಬಂದಿದ್ದಾರೆ, ಸಾರ್. ಒಬ್ಬಳು ಇಲ್ಲೇ ನಿಂತಿದ್ದಾಳೆ’ ಎಂದೆ.

‘ಇರಬಹುದು. ನಿರೋಧ್ ಈಗ ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗುತ್ತಲ್ಲ? ತಗೊಳ್ಳಲಿ.’

ನಾವು ಹೊರಗೆ ಬಂದು ಮೆಟ್ಟಿಲಿಳಿಯುತ್ತಿರುವಾಗ ತಿರುಗಿ ನೋಡಿದೆ. ನಿಮ್ಮ ಪ್ಯೂನ್ ಒದ್ದೆ ಬಟ್ಟೆ ತಂದು ಬಾಗಿಲನ್ನು ಒರೆಸುತ್ತಿದ್ದ, ದಾನವ್ವ ಕೈಯೂರಿ ನಿಂತಿದ್ದ ಕಡೆ. ಅವಳೂ ನೋಡಿದಳು. ‘ಪಾಪ, ಅವಂಗ ಕೆಲಸಾ ಹಚ್ಚಿದೆ’ ಎಂದು ನಕ್ಕಳು.

ಮೆಡಿಕಲ್ ಶಾಪಿನ ವಿಷಯಕ್ಕೆ ಬರೋಣ. ದಾನವ್ವನ ಊರಿನವಳೇ ಆದ ಸೋಮವ್ವ ಎಂಬವಳು ಹಿಂದಿನ ವರ್ಷ ಈ ರೋಗದಿಂದ ಸತ್ತಳು. ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಹಾಸಿಗೆ ಸಮೇತ ವರಾಂಡಕ್ಕೆ ತಳ್ಳಿದ್ದರು. ಊಟದ ತಟ್ಟೆಯನ್ನು ಕಾಲಿನಿಂದ ನೂಕುತ್ತಿದ್ದರು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಾನವ್ವ ಪಕ್ಕದಲ್ಲಿ ಕೂತು ತುತ್ತು ಮಾಡಿ ತಿನ್ನಿಸುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ಅವಳು ಅಳುತ್ತ ಕೂರಲಿಲ್ಲ, ಮನೆ ಮನೆ ಹತ್ತಿ ಇಳಿದಳು. ನಿರೋಧ್ ಒಲ್ಲೆನೆಂದ ಗಿರಾಕಿಯನ್ನು ಗಲ್ಲಿಯ ಯಾವ ಮನೆಯೂ ಒಳಗೆ ಬಿಡಬಾರದೆಂದು ಮನೆ ನಡೆಸುವ ಹೆಂಗಸರನ್ನೆಲ್ಲ ಒಪ್ಪಿಸಿದಳು. ಮೊದಲು ಒಪ್ಪಿದವಳು ಅವಳ ಯಜಮಾನಿ ಕಾಶವ್ವ. ಕಾಶವ್ವ ದೇವತೆಯೇನಲ್ಲ, ವ್ಯಾಪಾರದವಳು. ‘ಎಲ್ಲಾರೂ ಬಾಗಲಾ ಹಾಕಿದ್ರ ನಾನೂ ಹಾಕ್ತೀನಿ. ಬಾಜೂ ಮನಿಯಾಕಿ ತಗದ್ಲು ಅಂದ್ರ ನಾ ಒಬ್ಬಾಕಿ ಹಾಕ್ಕೊಂಡು ಏನ್ ಉಪವಾಸ ಸಾಯ್ಲೇನು?’ ಎಂದು ಅಂದೇ ಹೇಳಿದ್ದಳು.

ಅರ್ಥವಾಯಿತೇ ಸ್ವಾಮಿ? ಅಂಗಡಿಯಲ್ಲಿ ರಬ್ಬರು ಸಿಗುತ್ತದೆ, ಈ ಒಪ್ಪಂದ ಸಿಗುವುದಿಲ್ಲ. ಅದು ನಿಂತಿರುವುದು ಪ್ರತಿ ಶನಿವಾರ ಎಲ್ಲ ಮನೆಯವರೂ ಕೇಂದ್ರದ ಆ ಒಂದು ಖೋಲಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದರ ಮೇಲೆ. ಡಾಕ್ಟರ್ ಬಾಯಿ ಹುಣ್ಣು, ಬಾವು ನೋಡಿ ಔಷಧ ಕೊಡುತ್ತಾರೆ, ದಾನವ್ವ ಯಾವ ಮನೆ ಮಾತು ಮುರಿಯಿತೆಂದು ಎಲ್ಲರೆದುರು ಜಗಳಾಡುತ್ತಾಳೆ, ಡಬ್ಬಿಗಳು ಹಂಚಿಕೆಯಾಗುತ್ತವೆ. ಆ ಖೋಲಿಗೆ ಬೀಗ ಬಿದ್ದರೆ ಒಂದು ಮನೆ ಬಾಗಿಲು ತೆರೆಯುತ್ತದೆ. ಆಮೇಲೆ ಗಲ್ಲಿಯೆಲ್ಲ ತೆರೆಯುತ್ತದೆ.

ನಿಮ್ಮ ಕಾಗದಗಳಲ್ಲಿ ಇವರನ್ನು ‘ಹೈ ರಿಸ್ಕ್ ಗುಂಪು’ ಎನ್ನುತ್ತೀರಿ. ಯಾರಿಂದ ಯಾರಿಗೆ ರಿಸ್ಕ್? ನಮ್ಮ ಕಚೇರಿಯ ಒಬ್ಬ ಹೆಡ್ ಕ್ಲರ್ಕನನ್ನು ಒಂದು ಶನಿವಾರ ಆ ಗಲ್ಲಿಯಲ್ಲಿ ಕಂಡೆ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ನಡೆದುಹೋದ. ಸೋಮವಾರ ಅದೇ ಮಹಾನುಭಾವ, ನಾನು ‘ಅಂಥಾ ಕಡೆ’ ಹೋಗುತ್ತೇನೆಂದು ನನ್ನ ಚಹಾದ ಕಪ್ಪನ್ನು ಬೇರೆ ಇಡಲು ಕ್ಯಾಂಟೀನಿನವನಿಗೆ ಹೇಳಿದ. ಅವನ ಹೆಂಡತಿ ಡೊಂಬಿವಲಿಯಲ್ಲಿ ಶುಕ್ರವಾರ ಉಪವಾಸ ಮಾಡಿಕೊಂಡು ಇದ್ದಾಳೆ. ಅವನು ಯಾವ ಗುಂಪು, ಅವಳು ಯಾವ ಗುಂಪು? ಅವರಿಗೆ ಸ್ವಗ್ರಾಮ ಯಾವುದು?

ಇನ್ನು ದಾನವ್ವ. ಗುಡ್ಡದಿಂದ ಬಂದ ಮೇಲೆ ಅವಳ ರಕ್ತ ಮತ್ತೆ ಪರೀಕ್ಷೆ ಮಾಡಿಸಿದೆವು. ಡಾಕ್ಟರ್ ಬಾಯಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: ನಿನ್ನ ರಕ್ತದಲ್ಲಿ ಏನೂ ಇಲ್ಲ. ಅವಳು ಇನ್ನೊಂದು ಸಲ ಹೇಳಿಸಿಕೊಂಡಳು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಎಲ್ಲಮ್ಮನ ಅರಿಶಿನದ ಭಂಡಾರ ತೆಗೆದು ನನ್ನ ಹಣೆಗೂ ಡಾಕ್ಟರ್ ಬಾಯಿಯ ಹಣೆಗೂ ಹಚ್ಚಿದಳು. ನಾನು ದುಭಾಷಿಯಾಗಿ ಹೇಳಿದ ಮಾತುಗಳಲ್ಲಿ ಅಷ್ಟು ಸಂತೋಷದ್ದು ಇನ್ನೊಂದಿಲ್ಲ. ನೀವು ಬೀಗ ಹಾಕುತ್ತಿರುವುದು ಅದಕ್ಕೆ. ಉದ್ದೇಶಿತ ಗುಂಪಿಗೂ ಯೋಜನೆಯ ಅಗತ್ಯಕ್ಕೂ ಆಮೇಲೆ ಬರೋಣ, ನೀವು ಬೀಗ ಹಾಕುತ್ತಿರುವುದು ದಾನವ್ವನ ಇನ್ನೂ ಕೆಡದ ರಕ್ತಕ್ಕೆ.

ಆದ್ದರಿಂದ ನನ್ನ ಬೇಡಿಕೆ. ಮೇಲಕ್ಕೆ ಹೋದ ವರದಿಯನ್ನು ಕೆಳಗೆ ತನ್ನಿ. ತಂದವರು ಹಿಂದೆಯೂ ಇದ್ದಾರೆ, ಅವರ ಕೈಯೇನೂ ಬಿದ್ದುಹೋಗಿಲ್ಲ. ಯಾವುದಾದರೂ ಒಂದು ಸಾದಾ ಶನಿವಾರ ಗಲ್ಲಿಗೆ ಬನ್ನಿ, ಬೂಟು ಹೊರಗೆ ಬಿಟ್ಟು ಆ ಖೋಲಿಯಲ್ಲಿ ಕೂತುಕೊಳ್ಳಿ, ದಾನವ್ವ ನಿಮಗೆ ಕುರ್ಚಿ ಕೊಡುತ್ತಾಳೆ. ಅನುದಾನವನ್ನು ಮುಂದಿನ ವರ್ಷಕ್ಕೂ ಅದರ ಮುಂದಿನದಕ್ಕೂ ಮುಂದುವರಿಸಿ, ಈ ತಿಂಗಳೊಳಗೆ.

ಅದು ಆಗುವುದಿಲ್ಲವೆಂದಾದರೆ ಇನ್ನೊಂದು ಸಣ್ಣ ಕೆಲಸವಿದೆ, ಅದಕ್ಕೆ ಹಣ ಬೇಡ. ಹೋದ ಶನಿವಾರ ಡಬ್ಬಿಗಳನ್ನು ಜೋಡಿಸುತ್ತ ದಾನವ್ವ ನನ್ನನ್ನು ಕೇಳಿದಳು: ‘ಅಕ್ಕಾರ, ಒಂದನೇ ತಾರೀಖಿಗೆ ಗಿರಾಕಿ ಬರ್ತಾನ. ನಾ ನಿರೋಧ್ ಹಾಕ್ಕೊಳ್ಳೂದಿಲ್ಲ ಅಂತಾನ. ಕಾಶವ್ವ ಒಳಗ ಬಿಡು ಅಂತಾಳ. ನಾ ಏನ್ ಹೇಳ್ಲಿ?’ ಅವಳು ಹೇಳಬೇಕಾದದ್ದನ್ನು ನೀವೇ ಬರೆದು ಕಳಿಸಿ. ನಿಮ್ಮ ಕಚೇರಿಯ ಭಾಷೆಯಲ್ಲೇ ಇರಲಿ, ಚಿಂತೆಯಿಲ್ಲ. ಒಂದಕ್ಷರ ಬಿಡದೆ ಅವಳ ಕನ್ನಡಕ್ಕೆ ತಂದು, ಅವಳ ಮುಖ ನೋಡಿಕೊಂಡು ನಾನೇ ಹೇಳುತ್ತೇನೆ.

ಇಂತಿ,
ಗೌರವ ಸೂಚಿಸುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು,
ವನಮಾಲಾ ಹಿರಿಯಣ್ಣ
ದಾದರ್, ಮುಂಬಯಿ, ಮಾರ್ಚ್ 1994
ಕನ್ನಡದವರಿಗೆ ಕನ್ನಡ ತಿಳಿಸಲು ಹೋಗಿ ಸೋತ ದುಭಾಷಿ